ಕಲ್ಲು ಮೇಷ್ಟ್ರ ಇಪ್ಪತ್ತೊಂಬತ್ತು ಗಂಟೆ

ಎಲ್ಲದಕ್ಕೂ ಮೂಲ ಆ ನೋಟೀಸು. ಕಾಲೇಜಿನಲ್ಲಿ ಹೊಸ ಪದವಿ ಶುರುವಾಗಲಿದೆ, ಹೆಸರು ‘ಎಂಜಿನಿಯರಿಂಗ್ ಮತ್ತು ಭೂ-ಗ್ರಹ ವಿಜ್ಞಾನ’, ನಾಲ್ಕು ವರ್ಷದ ಪಾಠದ ಪಟ್ಟಿಯನ್ನು ಇಬ್ಬರು ಮೇಷ್ಟ್ರು ಸೇರಿ ಸಂಜೆ ಐದರೊಳಗೆ ಕೊಡಬೇಕು, ಅವರಲ್ಲೊಬ್ಬರನ್ನು ಮುಖ್ಯಸ್ಥರನ್ನಾಗಿ ಮಾಡಲಾಗುವುದು ಎಂದು ಪ್ರಿನ್ಸಿಪಾಲರು ಬರೆದಿದ್ದರು. ಭೂವಿಜ್ಞಾನ ಕಲಿಸುವ ಕಲ್ಲು ಮೇಷ್ಟ್ರು ಅದನ್ನು ಮೂರು ಸಲ ಓದಿದರು. ಮೂರು ಸಲವೂ ಎಂಜಿನಿಯರಿಂಗೇ ಮುಂದಿತ್ತು.

“ಭೂಮಿ ಮೊದಲು ಹುಟ್ಟಿತೋ, ಎಂಜಿನಿಯರು ಮೊದಲು ಹುಟ್ಟಿದನೋ?” ಎಂದು ಎದುರಿಗೆ ಬಂದ ಲೈಬ್ರರಿಯಮ್ಮನನ್ನು ಕೇಳಿದರು.

“ಯಾರು ಮೊದ್ಲು ಹುಟ್ಟಿದ್ರೇನು ಸರ್, ಕುರ್ಚಿ ಮೇಲೆ ಯಾರು ಮೊದ್ಲು ಕೂತ್ಕೋತಾರೆ ಅನ್ನೋದು ಮುಖ್ಯ,” ಎಂದು ಆಕೆ ಉರಿಯುವ ಬೆಂಕಿಗೆ ತುಪ್ಪ ಸುರಿದು ಹೋದರು.

ಪಟ್ಟಿ ಮಾಡಬೇಕಾದ ಇನ್ನೊಬ್ಬರು ಸೇತುವೆ ಮೇಷ್ಟ್ರು; ಕಲ್ಲು ಮೇಷ್ಟ್ರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಆ ಮನುಷ್ಯ ಇವರಿಗೆ ಯಾವ ಕೇಡನ್ನೂ ಮಾಡಿರಲಿಲ್ಲ. ಬಯ್ಯಲು ಕಾರಣ ಸಿಗದೆ ಹೊಟ್ಟೆಕಿಚ್ಚು ಒಳಗೇ ಉಳಿದುಬಿಟ್ಟಿತ್ತು. ಸೇತುವೆ ಕಟ್ಟುವುದನ್ನು ಕಲಿಸುವ ಅವರ ತರಗತಿಯಲ್ಲಿ ಮಕ್ಕಳು ಕಿಟಕಿಯ ಮೇಲೂ ಕೂರುತ್ತಿದ್ದರು. ಕಲ್ಲು ಮೇಷ್ಟ್ರ ಕೋಣೆ ಮೆಟ್ಟಿಲ ಕೆಳಗೆ, ಖನಿಜಗಳ ಬೀರುಗಳ ನಡುವೆ. ಹತ್ತೊಂಬತ್ತು ವರ್ಷಗಳಲ್ಲಿ ತಾವಾಗಿ ಅಲ್ಲಿಗೆ ಬಂದ ಮಕ್ಕಳೆಲ್ಲ ಕೇಳಿದ್ದು ಒಂದೇ ಪ್ರಶ್ನೆ: “ಸರ್, ಟಾಯ್ಲೆಟ್ ಎಲ್ಲಿ?” ಮುಖ್ಯಸ್ಥರಾದರೆ ಮಹಡಿಯ ಮೇಲೆ ಗಾಳಿ ಬೆಳಕಿನ ಕೋಣೆ, ಬಾಗಿಲಿಗೆ ಹೆಸರಿನ ಫಲಕ. ಅದು ಈ ಸಲವೂ ಕೈತಪ್ಪಿದರೆ ನಿವೃತ್ತಿಯವರೆಗೆ ಮೆಟ್ಟಿಲ ಕೆಳಗೇ ಗತಿ.

ಸ್ಟಾಫ್ ರೂಮಿನಲ್ಲಿ ಸೇತುವೆ ಮೇಷ್ಟ್ರು ಆಗಲೇ ದೊಡ್ಡ ಹಾಳೆ ಹರಡಿ, ಸ್ಕೇಲಿಟ್ಟು ಗೆರೆ ಎಳೆದಿದ್ದರು.

“ಬನ್ನಿ ಸರ್. ವಾರಕ್ಕೆ ಹದಿನಾರು ಗಂಟೆ ನಿಮ್ಗೆ, ಹದಿನಾರು ನನ್ಗೆ. ಸರಿ ತಾನೇ?”

ಇಷ್ಟು ಸರಿಯಾಗಿ ಪಾಲು ಮಾಡಿದ್ದು ಕಲ್ಲು ಮೇಷ್ಟ್ರಿಗೆ ಸರಿಬರಲಿಲ್ಲ. “ಭೂಕಂಪಕ್ಕೆ ಎರಡೇ ಗಂಟೆನಾ? ನೆಲ ನಡುಗಿದ್ರೆ ನಿಮ್ಮ ಸೇತುವೆ ನಿಲ್ಲುತ್ತಾ?”

“ನಿಲ್ಲಲ್ಲ. ನನ್ನದ್ರಲ್ಲಿ ಇನ್ನೆರಡು ತಗೊಳ್ಳಿ.”

ಜಗಳವಿಲ್ಲದೆ ಸಿಕ್ಕ ಎರಡು ಗಂಟೆ ಅವರ ಎದೆಯಲ್ಲಿ ಅನುಮಾನ ಹುಟ್ಟಿಸಿತು. ಕೆಮಿಸ್ಟ್ರಿ ಮೇಡಂ ಟೀ ಲೋಟ ಹಿಡಿದು ಪಕ್ಕಕ್ಕೆ ಬಂದು, ಕೇಳದಿದ್ದರೂ ಮೂಗು ತೂರಿಸಿದರು.

“ಅಷ್ಟು ಸುಲಭವಾಗಿ ಬಿಟ್ಕೊಟ್ರು ಅಂದ್ರೆ ಒಳಗೆ ಏನೋ ಲೆಕ್ಕ ಇದೆ ಸರ್. ಹುಷಾರು. ಯಾರಿಗೆ ಪಾಠ ಜಾಸ್ತಿಯೋ ಅವ್ರೇ ಮುಖ್ಯಸ್ಥರಾಗೋದು, ಲೋಕಕ್ಕೆಲ್ಲಾ ಗೊತ್ತು.”

ಅಷ್ಟು ಸಾಕಾಯಿತು. ಕಲ್ಲು ಮೇಷ್ಟ್ರು ರಬ್ಬರ್ ಕೈಗೆತ್ತಿಕೊಂಡರು. ಚಂದ್ರನ ಮಣ್ಣಿಗೆ ಮೂರು ಗಂಟೆ ಬೇಕೆಂದರು. ನಕ್ಷೆಯೂ ಚಿತ್ರವೇ ಅಲ್ಲವೇ ಎಂದು ಡ್ರಾಯಿಂಗಿನ ಮೂರು ಗಂಟೆ ಕಿತ್ತುಕೊಂಡರು.

“ಹಾಕ್ಕೊಳ್ಳಿ ಸರ್,” ಎಂದರು ಸೇತುವೆ ಮೇಷ್ಟ್ರು ಎರಡು ಸಲವೂ.

ಮಧ್ಯಾಹ್ನ ಹೆಂಡತಿಯ ಫೋನು ಬಂತು. “ಏನ್ರೀ, ಎಲ್ಲಿಗೆ ಬಂತು?”

“ಇಪ್ಪತ್ನಾಲ್ಕು ನಂದು, ಎಂಟು ಅವರದು.”

“ಇನ್ನೂ ಎಂಟು ಯಾಕೆ ಬಿಟ್ಟಿದ್ದೀರಿ? ನಿಮಗೆ ಸಿಗದಿದ್ರೂ ಪರವಾಗಿಲ್ಲ, ಅವರಿಗೆ ಮಾತ್ರ ಸಿಗಬಾರ್ದು. ಅವರ ಹೆಂಡ್ತಿ ಈಗ್ಲೇ ನನ್ನ ಮಾತಾಡ್ಸಲ್ಲ.”

ಕಲ್ಲು ಮೇಷ್ಟ್ರು ಹೊಸ ಹುರುಪಿನಿಂದ ಮರಳಿದರು. ‘ಪದಾರ್ಥಗಳ ಬಲ’ ಎಂಬ ಪಾಠದ ಮೇಲೆ ಕಣ್ಣು ಬಿತ್ತು. “ಕಲ್ಲಿಗಿಂತ ಬಲವಾದ ಪದಾರ್ಥ ಯಾವ್ದಿದೆ?” ಎಂದು ಅದರ ನಾಲ್ಕು ಗಂಟೆ ಉಜ್ಜಿದರು. ಬೆಳಗಿನಿಂದ ಉಜ್ಜಿಸಿಕೊಂಡ ಹಾಳೆ ಅಲ್ಲಿಗೆ ತಾಳ್ಮೆಗೆಟ್ಟು ಪರ್ರನೆ ನಡುವೆ ಹರಿಯಿತು. ಇಡೀ ಪಟ್ಟಿಯನ್ನು ಹೊಸದಾಗಿ ಬರೆಯಬೇಕಾಯಿತು. ಊಟ ತಪ್ಪಿತು. ಸೇತುವೆ ಮೇಷ್ಟ್ರು ಎದುರಿಗೇ ಡಬ್ಬಿ ಬಿಚ್ಚಿ ನಿಧಾನವಾಗಿ ಉಂಡರು, ಕೈ ತೊಳೆದು ಬಂದು ಇವರಿಗಾಗಿ ಸ್ಕೇಲನ್ನೂ ಹಿಡಿದುಕೊಂಡರು.

“ಮಂಗಳನ ಮೇಲೆ ರಸ್ತೆ ಹಾಕೋದಕ್ಕೆ ಒಂದು ಗಂಟೆ ಇಟ್ಕೊಂಡಿದ್ದೀನಿ,” ಎಂದರು ಕಲ್ಲು ಮೇಷ್ಟ್ರು, ಕೊನೆಯ ಗೆರೆ ಎಳೆಯುತ್ತ. “ರಸ್ತೆ ನಿಮ್ಮದೇ ಇರಬಹುದು, ಮಂಗಳ ನಮ್ಮದು.”

“ಖಂಡಿತ ಸರ್.”

ಐದಕ್ಕೆ ಐದು ನಿಮಿಷ ಇರುವಾಗ ಇಬ್ಬರೂ ಪ್ರಿನ್ಸಿಪಾಲರ ಮುಂದೆ ಕೂತರು. ಇಪ್ಪತ್ತೊಂಬತ್ತು ಇವರದು, ಮೂರು ಅವರದು. ಹಸಿದ ಹೊಟ್ಟೆಯಲ್ಲೂ ಕಲ್ಲು ಮೇಷ್ಟ್ರಿಗೆ ಹಬ್ಬದೂಟ ಉಂಡಷ್ಟು ತೃಪ್ತಿ.

ಪ್ರಿನ್ಸಿಪಾಲರು ಪಟ್ಟಿ ಓದಿ ಕನ್ನಡಕ ತೆಗೆದರು. “ಭೇಷ್! ಇಷ್ಟು ಪಾಠ ಒಬ್ಬರೇ ಹೊತ್ಕೋತೀರಾ?”

“ಸಂತೋಷವಾಗಿ ಸರ್.”

“ಹಾಗಾದ್ರೆ ನನ್ನ ಕಷ್ಟ ಕಳೀತು. ಮುಖ್ಯಸ್ಥರಿಗೆ ಮೀಟಿಂಗು, ಅಡ್ಮಿಷನ್ನು, ಓಡಾಟ ಅಂತ ಪುರುಸೊತ್ತಿರಬೇಕು. ಇಪ್ಪತ್ತೊಂಬತ್ತು ಗಂಟೆ ಇರೋರ ಕೈಲಿ ಅದಾಗುತ್ತಾ? ಮೂರೇ ಗಂಟೆ ಇರೋ ಇವರೇ ಮುಖ್ಯಸ್ಥರಾಗ್ಲಿ,” ಎಂದವರೇ ಪಟ್ಟಿಗೆ ಸಹಿ ಹಾಕಿದರು.

ಕಲ್ಲು ಮೇಷ್ಟ್ರು ಜೇಬಿನಿಂದ ಮತ್ತೆ ರಬ್ಬರ್ ತೆಗೆದರು. “ಸರ್... ಅದ್ರಲ್ಲಿ ಒಂದ್ಹದಿನೈದು ಗಂಟೆ ಅವರಿಗೇ ವಾಪಸ್ ಕೊಟ್ಬಿಡ್ತೀನಿ.”

“ಸಹಿ ಆಗೋಯ್ತಲ್ಲ. ಇನ್ನು ಬದಲಾವಣೆ ಏನಿದ್ರೂ ಮುಖ್ಯಸ್ಥರಿಗೆ ಅರ್ಜಿ ಕೊಡಿ.”

ಸೇತುವೆ ಮೇಷ್ಟ್ರು ತಮ್ಮ ಪೆನ್ನನ್ನು ತೆಗೆದು ವಿನಯದಿಂದ ಇವರತ್ತ ಚಾಚಿದರು. “ಬರ್ದು ಕೊಡಿ ಸರ್. ಪುರುಸೊತ್ತಾದಾಗ ನೋಡ್ತೀನಿ.”