ಏಕನಾಥರಾಯರ ಮೂವತ್ತೈದು ದಿನದ ಹಿತ್ತಲು

"ಜುಲೈ ಇಪ್ಪತ್ತೈದಕ್ಕ ನಿಮ್ಮಪ್ಪನ ಎಲಿಗೆ ನನ್ನ ಕೈಯಾರೆ ಬೆಳೆದ ಪಲ್ಯ ಬಡಸ್ತೇನಿ. ಇಲ್ಲಂದ್ರ ನನ್ನ ಹೆಸರು ಏಕನಾಥ ಅಲ್ಲ."

ಧಾರವಾಡದ ಮಾಳಮಡ್ಡಿಯ ತಮ್ಮ ಹಿತ್ತಲಲ್ಲಿ ಸಲಿಕೆ ಹಿಡಿದು ನಿಂತು ಕಚೇರಿ ಕಾರಕೂನ ಏಕನಾಥರಾಯರು ಈ ಭೀಷ್ಮಪ್ರತಿಜ್ಞೆ ಮಾಡಿದ್ದು ೧೯೪೩ರ ಜೂನ್ ಇಪ್ಪತ್ತರಂದು. ಯುದ್ಧದ ಕಾಲ. ಹಿತ್ತಲಿದ್ದವರೆಲ್ಲ ಕಾಯಿಪಲ್ಲೆ ಬೆಳೆಯಿರಿ ಎಂದು ಸರಕಾರ ಸಾರುತ್ತಿತ್ತು. ರಾಯರಿಗೆ ಸರಕಾರದ ಚಿಂತೆ ಇರಲಿಲ್ಲ, ಮಾವನವರ ಚಿಂತೆ ಇತ್ತು. ಮಾವ ವೆಂಕಣ್ಣಾಚಾರ್ಯರು ಹೋದ ದೀಪಾವಳಿಯಲ್ಲಿ ತುಂಬಿದ ಪಂಕ್ತಿಯಲ್ಲಿ ಕೂತು, "ನಮ್ಮ ಅಳಿಯಂದ್ರು ಮುಟ್ಟಿದ್ರ ಗರಿಕೀನೂ ಒಣಗತದ" ಎಂದುಬಿಟ್ಟಿದ್ದರು. ಅಂದಿನಿಂದ ರಾಯರಿಗೆ ಒಂದೇ ಹಟ. ಅದೇ ಬಾಯಿಂದ 'ಛಲೋ' ಅನ್ನಿಸಬೇಕು.

ಹೆಂಡತಿ ಕಾಶೀಬಾಯಿ ಮೆತ್ತಗೆ ಹೇಳಿದಳು. "ಅಪ್ಪನ್ನ ಕರೀರಿ, ಬ್ಯಾಡ ಅನ್ನೂದಿಲ್ಲ. ಆದ್ರ ಒಮ್ಮೆ ಪಂಚಾಂಗ ನೋಡ್ರಿ."

"ಮೆಂತ್ಯಕ್ಕ ಎಂಥಾ ಮುಹೂರ್ತ? ಎಷ್ಟು ದಿನಕ್ಕ ಬರತದಂತ ಬೀಜದ ಪಾಕೀಟಿನ ಮ್ಯಾಲೇ ಬರದಾರ."

ಮೆಂತ್ಯ, ರಾಜಗಿರಿ, ಮೂಲಂಗಿ, ಕೋತಂಬರಿ, ನಾಲ್ಕೂ ಮಡಿಗಳು ಸಿದ್ಧವಾದವು. ಅಲ್ಲಿಗೆ ರಾಯರ ನೆಮ್ಮದಿಯೂ ಮುಗಿಯಿತು. ಮೆಂತ್ಯ ನಾಲ್ಕನೇ ದಿನಕ್ಕೆ ತಲೆ ಎತ್ತಿತು. ಕೋತಂಬರಿ ಹನ್ನೆರಡು ದಿನವಾದರೂ ಏಳಲಿಲ್ಲ. ರಾಯರು ದಿನಾ ಬೆಳಿಗ್ಗೆ ಬೆರಳಿನಿಂದ ಮಣ್ಣು ಕೆದರಿ ನೋಡುವುದು, ಮತ್ತೆ ಮುಚ್ಚುವುದು. ಕಚೇರಿಯಲ್ಲಿ ಪತ್ರ ನಕಲು ಮಾಡುವಾಗ ಮಾಮಲೇದಾರರು ಎಂದು ಬರೆಯುವಲ್ಲಿ ಮೂಲಂಗಿಯವರು ಎಂದು ಬರೆದು ಬೈಸಿಕೊಂಡರು.

ಕೊನೆಗೆ ನೆರೆಮನೆಯ ದಾನವ್ವ ಬೇಲಿಯಾಚೆಯಿಂದ ಕೇಳಿದಳು. "ಕೋತಂಬರಿ ಹವೀಜ ಉಜ್ಜಿ ಎರಡು ಹೋಳು ಮಾಡಿ ಹಾಕೀರಿಲ್ರಿ ರಾಯರ?"

"ಇಡೀ ಇಡೀ ಹಾಕೇನಿ."

"ಹಂಗಾದ್ರ ಎಲ್ಲಿ ಬರತೈತ್ರಿ?" ಎಂದು ದಾನವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

ರಾಯರು ಹೊಸದಾಗಿ ಉಜ್ಜಿ ಬಿತ್ತಿದರು. ಮೊಳಕೆ ಬಂತು, ಹಿಂದೆಯೇ ದಾನವ್ವನ ಎಮ್ಮೆಕರುವೂ ಬಂತು. ಅದಕ್ಕೆ ಆ ಹಿತ್ತಲ ಮೇಲೆ ಎಂಥ ಆಸೆಯೋ, ರಾಯರು ಊಟಕ್ಕೆ ಕೂತಾಗಲೇ ಬೇಲಿ ನುಗ್ಗುತ್ತಿತ್ತು. ಅವರು ಎಡಗೈಯಲ್ಲಿ ಕೋಲಿಟ್ಟುಕೊಂಡೇ ಉಣ್ಣತೊಡಗಿದರು. ಮನೆಯಲ್ಲಿ ಕಟ್ಟಪ್ಪಣೆಯಾಯಿತು. "ಮಾವನವರು ಬರೂತನಕ ಒಂದು ಎಲಿ ಸೈತ ಯಾರೂ ಮುಟ್ಟಬಾರದು."

ಕಾಶೀಬಾಯಿ ಇನ್ನೊಮ್ಮೆ ಬಾಯಿ ತೆರೆದಳು. "ಅಪ್ಪ ಬರೂ ದಿನದ ಪಂಚಾಂಗ..."

"ಅಪಶಕುನ ನುಡೀಬ್ಯಾಡ."

ಜುಲೈ ಮೂರನೇ ವಾರವೂ ಕಳೆಯಿತು. ಹತ್ತು ದಿನದಿಂದ ಮನೆಯಲ್ಲಿ ದಿನಾ ಹೆಸರುಬೇಳೆ ತೊವ್ವೆ, ಮೆಣಸಿನ ಸಾರು. ಒಂದು ಚೂರು ಕಾಯಿಪಲ್ಲೆ ಇಲ್ಲ. ಹೆಂಡತಿ ತಮ್ಮ ಅಪ್ಪಣೆಯನ್ನು ಇಷ್ಟು ಶಿರಸಾವಹಿಸಿ ಪಾಲಿಸುತ್ತಿದ್ದಾಳಲ್ಲ ಎಂದು ರಾಯರ ಕಣ್ಣು ತುಂಬಿ ಬಂತು.

ಇಪ್ಪತ್ತೈದು ಬಂತು, ರವಿವಾರ. ರಾಯರು ಬೆಳಿಗ್ಗೆಯೇ ಹಿತ್ತಲನ್ನೆಲ್ಲ ಕಿತ್ತು, ತೊಳೆದು, ದೊಡ್ಡ ಬುಟ್ಟಿ ತುಂಬಿಸಿ ಅಡುಗೆಮನೆಯ ಬಾಗಿಲಲ್ಲಿಟ್ಟರು.

"ಇದೇನು ಮಾಡಿದ್ರಿ? ಪಂಚಾಂಗ ನೋಡ್ರಿ ಅಂತ..."

"ಬೆಳಿ ಕೈಗೆ ಬಂದಾತು, ಇನ್ನ್ಯಾತರ ಪಂಚಾಂಗ?" ಎನ್ನುತ್ತ ರಾಯರು ಮಾವನವರನ್ನು ಎದುರುಗೊಳ್ಳಲು ಓಡಿದರು.

ಎಲೆ ಹಾಕಿದರು. ಅನ್ನ ಬಂತು, ತೊವ್ವೆ ಬಂತು, ಮೆಣಸಿನ ಸಾರು ಬಂತು. ಪಲ್ಯ ಮಾತ್ರ ಬರಲಿಲ್ಲ. ಮಾವನವರು ಸಾರನ್ನ ಕಲಸುತ್ತಿದ್ದರು. ಇನ್ನು ತಡೆಯಲಾಗದೆ ರಾಯರು ಕೂಗಿಯೇಬಿಟ್ಟರು. "ಪಲ್ಯ ಎಲ್ಲಿ? ನಿಮ್ಮಪ್ಪಗ ಮೊದಲು ಮೆಂತ್ಯಪಲ್ಯ ಬಡಸು."

ವೆಂಕಣ್ಣಾಚಾರ್ಯರ ಕೈ ಎಲೆಯ ಮೇಲೇ ನಿಂತಿತು.

"ಏಕನಾಥರಾಯರ, ಶಾಕವ್ರತದಾಗ ಪಲ್ಯಾನ?"

ರಾಯರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆಷಾಢ ಏಕಾದಶಿಯಿಂದ ಒಂದು ತಿಂಗಳು ಸೊಪ್ಪು, ಕಾಯಿಪಲ್ಲೆ ಯಾವುದೂ ಎಲೆಗೆ ಬರುವಂತಿಲ್ಲ. ಹುಟ್ಟಿದಂದಿನಿಂದ ಹಿಡಿದ ವ್ರತ. ಇಂಗ್ಲಿಷ್ ತಾರೀಖು ಎಣಿಸುವ ಭರದಲ್ಲಿ ಪೂರಾ ಮರೆತುಹೋಗಿತ್ತು.

"ನನಗ್ಯಾಕ ಹೇಳಲಿಲ್ಲ?" ಎಂದರು, ಹೆಂಡತಿಯ ಕಡೆ ತಿರುಗಿ, ಅಳುವ ದನಿಯಲ್ಲಿ.

"ಮೂರು ಸಲ ಹೇಳಲಿಕ್ಕೆ ಬಂದೆ. ಮೂರು ಸಲಾನೂ ಬಾಯಿ ಮುಚ್ಚಿಸಿದ್ರಿ."

ಊಟ ಮುಗಿಸಿ ಕೈತೊಳೆದು ಬಂದ ಆಚಾರ್ಯರು ಅಡುಗೆಮನೆಯ ಬಾಗಿಲಲ್ಲಿದ್ದ ಬುಟ್ಟಿಯ ಮುಂದೆ ನಿಂತರು. ಒಂದು ಎಲೆ ಹಿಡಿದು ನೋಡಿದರು. "ಬೆಳಿ ಛಲೋ ಬಂದದ."

ರಾಯರ ಕಿವಿ ನಿಮಿರಿತು.

"ಬೇಲ್ಯಾಚಿ ನಿಂತ ಆ ಎಮ್ಮಿಕರಕ್ಕ ಹಾಕ್ರಿ. ಅದಕ್ಕ ವ್ರತ ಇಲ್ಲ."

ಇಷ್ಟು ದಿನ ಕೋಲು ಹಿಡಿದು ಓಡಿಸಿದ ಕರುವಿನ ಮುಂದೆ ರಾಯರು ತಾವೇ ಬುಟ್ಟಿ ಇಟ್ಟು, ಕೈಯಾರೆ ಒಂದು ಹಿಡಿ ಮೆಂತ್ಯ ಚಾಚಿದರು. ಕರು ಮೂಸಿತು. ಮುಖ ತಿರುಗಿಸಿ ದಾನವ್ವನ ಒಣಮೇವಿನ ಕಡೆ ನಡೆಯಿತು.

ಹಿಂದಿನಿಂದ ಕಾಶೀಬಾಯಿ ತಣ್ಣಗೆ ಹೇಳಿದಳು. "ಪಾಪ, ಅದು ಪಂಚಾಂಗ ನೋಡಿ ಬಂದದ."