ಊಟದ ಜೊತೆ ಸೇರಿದ್ದ ಒಂದು ಗ್ಲಾಸು

ಆಗ ನನಗೆ ಅರವತ್ತೆಂಟು. ಇದು ನಡೆದು ಮೂರು ವರ್ಷವಾಯಿತು. ಅವತ್ತಿನವರೆಗೆ ಬ್ರಾಂದಿ, ವಿಸ್ಕಿ, ಹೆಂಡ ಯಾವುದನ್ನೂ ನಾನು ನಾಲಿಗೆಗೆ ಮುಟ್ಟಿಸಿದವಳಲ್ಲ. ಅವತ್ತೂ ಮುಟ್ಟಿಸಲಿಲ್ಲ. ಆದರೂ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯ ಅಷ್ಟೂ ಕೆಲಸಗಾರರಿಗೆ, ಅವರ ಹೆಂಡತಿ ಮಕ್ಕಳಿಗೆ ನಾನು ಇವತ್ತಿಗೂ ‘ಟೈಟಾದ ಅಜ್ಜಿ’. ಹೇಗಾಯಿತು ಅಂತ ಹೇಳಿಬಿಡುತ್ತೇನೆ. ನನ್ನ ಮಗಳು ಇದನ್ನು ಓದಿದರೆ ಓದಲಿ.

ಮಗಳ ಹೆಸರು ಸುಮ. ಅವಳ ಗಂಡ ಮಂಜ ಆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಅಳಿಯ ಅಂದರೆ ಹೊರಗಿನವನಲ್ಲ, ಕುಣಿಗಲ್ಲಿನಲ್ಲಿರುವ ನನ್ನ ಅಣ್ಣನ ಮಗ. ಉಪ್ಪಾರಹಳ್ಳಿಯಲ್ಲಿ ಅವರ ಮನೆ, ನಾನೂ ಅವರ ಜೊತೆಗೇ ಇದ್ದೇನೆ. ಆ ವರ್ಷ ಕಂಪನಿಯವರು ಎಲ್ಲರನ್ನೂ ಸಂಸಾರ ಸಮೇತ ಬೆಂಗಳೂರಿನ ಆಚೆ ಇರುವ ಒಂದು ನೀರಾಟದ ಪಾರ್ಕಿಗೆ ಕರೆದುಕೊಂಡು ಹೋದರು. ಅಲ್ಲೇ ಆಟ, ಅಲ್ಲೇ ಊಟ, ಅಲ್ಲೇ ರೆಸಾರ್ಟಿನಲ್ಲಿ ಒಂದು ದಿನ ವಾಸ. ಹೊರಟ ದಿನ ಯಾವುದು? ಪಿತೃಪಕ್ಷದ ಅಮಾವಾಸ್ಯೆ! ಅವತ್ತು ಯಾರೂ ಬುಕ್ ಮಾಡುವುದಿಲ್ಲವಂತೆ, ಅದಕ್ಕೇ ಕಂಪನಿಗೆ ಸಲೀಸಾಗಿ ಸಿಕ್ಕಿತಂತೆ. ಸಿಗದೆ ಏನು? ಮಿಕ್ಕವರೆಲ್ಲ ಅವತ್ತು ಮನೆಯಲ್ಲಿ ಸತ್ತವರಿಗೆ ಎಡೆ ಇಡುತ್ತಾ ಕೂತಿರುತ್ತಾರೆ.

ನಮ್ಮ ಮನೆಯಲ್ಲಿ ಸತ್ತವನು ನನ್ನ ಗಂಡ. ತೆಂಗಿನಕಾಯಿ ಸುಲಿಯುವ ಕೆಲಸ ಅವನದು. ಗುಬ್ಬಿ ತಾಲ್ಲೂಕಿನಲ್ಲಿ ಅವನಷ್ಟು ಬೇಗ ಕಾಯಿ ಸುಲಿಯುವವನು ಇರಲಿಲ್ಲ, ಅವನಷ್ಟು ಬೇಗ ಕ್ವಾರ್ಟರ್ ಖಾಲಿ ಮಾಡುವವನೂ ಇರಲಿಲ್ಲ. ಕುಡಿದು ರಸ್ತೆಯಲ್ಲಿ ಬಿದ್ದು ಯಾವುದಾದರೂ ಬಸ್ಸಿನಡಿ ಸಿಕ್ಕಾನು ಅಂತ ಹೆದರಿ, ನಾನೇ ತಲೆತುಂಬ ಸೆರಗು ಹೊದ್ದು ಬ್ರಾಂದಿ ಅಂಗಡಿಗೆ ಹೋಗಿ ತಂದು, ಮನೆಯಲ್ಲಿ ಕೂರಿಸಿ ಕುಡಿಸಿದ್ದೂ ಉಂಟು. ಅವನು ರಕ್ತ ಕಾರಿದ ದಿನ ಮನೆದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದೆ. ಇನ್ನು ನನ್ನ ಕೈಯಾರೆ ಒಂದು ತೊಟ್ಟನ್ನೂ ಕೊಂಡು ಕೊಡುವುದಿಲ್ಲ ಅಂತ.

ಕೊಡಲಿಲ್ಲ. ತುಮಕೂರಿನ ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದ ಮೇಲೂ ಕೊಡಲಿಲ್ಲ. ಹೊಟ್ಟೆ ಬಿಂದಿಗೆಯಾಗಿತ್ತು, ಕೈಕಾಲು ಕಡ್ಡಿಯಾಗಿತ್ತು.

“ಒಂದ್ ಗುಟುಕು ತಂದ್ಕೊಡೇ, ಗಂಟ್ಲು ಒಣಗ್ತದೆ” ಅಂದ. ನಾನು ಆಗಲ್ಲ ಅಂದೆ. ಆಮೇಲೆ ಸುಮಳನ್ನು ಕೇಳಿದ. ಅವಳು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಬೇಡ ಅಂತ ನಾನು ತಲೆ ಅಲ್ಲಾಡಿಸಿದೆ. ಸಾಯಂಕಾಲ ಹೋಗಿಬಿಟ್ಟ.

ನಾನು ಮಾಡಿದ್ದು ಸರಿ ಅಂತ ಊರೆಲ್ಲ ಹೇಳಿತು. ಸುಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು, ನಮ್ಮಮ್ಮ ಕೊನೆಯವರೆಗೂ ಬಗ್ಗಲಿಲ್ಲ ಅಂತ. ನಾನೂ ಹೌದು ಹೌದು ಅನ್ನುತ್ತಿದ್ದೆ.

ಬಗ್ಗದೆ ಇದ್ದದ್ದು ನಾನೊಬ್ಬಳೇ ಅಲ್ಲ. ಕಾಗೆಯೂ ಬಗ್ಗಲಿಲ್ಲ. ಪ್ರತಿ ವರ್ಷ ಅವನಿಗೆ ಎಡೆ ಇಡುತ್ತಿದ್ದೆ. ಮುದ್ದೆ, ಕೋಳಿ ಸಾರು, ವಡೆ, ಒಂದು ಕಟ್ಟು ಬೀಡಿ. ಬ್ರಾಂದಿ ಒಂದು ಬಿಟ್ಟು ಎಲ್ಲ. ಹಾಗಲವಾಡಿಯ ನನ್ನ ಮೈದುನ ಪ್ರತಿ ಸಲ ಬಂದು, “ಅತ್ಗೆ, ಒಂದ್ ಕ್ವಾರ್ಟರ್ ಇಟ್ಬುಡು. ಅದಿಲ್ದೆ ಅಣ್ಣ ಬರಾಕಿಲ್ಲ” ಅನ್ನುತ್ತಿದ್ದ. ತಾನು ತರುವವನಲ್ಲ, ಹೇಳುವವನು ಮಾತ್ರ. ಕಾಗೆ ಕಾಂಪೌಂಡಿನ ಮೇಲೆ ಕೂತು, ಎಡೆಯನ್ನು ಈ ಕಡೆಯಿಂದ ಒಂದು ಸಲ ಆ ಕಡೆಯಿಂದ ಒಂದು ಸಲ ನೋಡಿ, ಏನೋ ಕಡಿಮೆ ಬಿದ್ದಿದೆ ಅನ್ನುವ ಹಾಗೆ ಕತ್ತು ಓರೆ ಮಾಡಿ, ಪಕ್ಕದ ಮನೆಯ ಎಡೆಗೆ ಹಾರಿಬಿಡುತ್ತಿತ್ತು. ಪಕ್ಕದ ಮನೆಯವರು ಬಾಟಲಿ ಇಡುತ್ತಿದ್ದರು. ಹೀಗೆ ಐದು ವರ್ಷ.

ಆರನೆಯ ವರ್ಷ ಈ ಪ್ರವಾಸ ಬಂತು. ಈ ಸಲ ಎಡೆ ಬೇಡ ಬಿಡಮ್ಮ, ಇಟ್ಟರೂ ಮುಟ್ಟುವುದಿಲ್ಲ ಅಂದಳು ಸುಮ. ನಾನೂ ಸರಿ ಅಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಎಲ್ಲರೂ ಹಾಡು ಹೇಳಿದರು. ನಾನು ಕಿಟಕಿಯಲ್ಲಿ ಕಾಗೆ ಎಣಿಸುತ್ತಾ ಕೂತಿದ್ದೆ.

ರೆಸಾರ್ಟಿನಲ್ಲಿ ಇಳಿದ ತಕ್ಷಣ ಒಂದು ಹುಡುಗಿ ರೂಮಿನ ಕಾರ್ಡ್ ಕೊಟ್ಟು ಬಡಬಡ ಏನೋ ಹೇಳಿದಳು. ಸುಮ ನನಗೆ ಬಿಡಿಸಿ ಹೇಳಿದಳು. ನಮ್ಮ ಪ್ಲಾನಿನಲ್ಲಿ ಊಟ ತಿಂಡಿ ಎಲ್ಲ ಸೇರಿದೆ. ಊಟದ ಜೊತೆ ದೊಡ್ಡವರಿಗೆ ತಲೆಗೊಂದು ಡ್ರಿಂಕ್ಸೂ ಸೇರಿದೆ. ಬಿಯರೋ, ವಿಸ್ಕಿಯೋ, ಜ್ಯೂಸೋ, ಏನು ಬೇಕೋ ಅದು. ಅದಕ್ಕೆ ಬೇರೆ ದುಡ್ಡಿಲ್ಲ. “ನಮಗ್ಯಾಕೆ ಆ ದರಿದ್ರ” ಅಂತ ಮುಖ ಸಿಂಡರಿಸಿ ಸುಮ ಮಕ್ಕಳನ್ನು ನೀರಿಗೆ ಕರೆದುಕೊಂಡು ಹೋದಳು.

ನಾನು ಅಲ್ಲೇ ನಿಂತುಬಿಟ್ಟೆ. ಬೇರೆ ದುಡ್ಡಿಲ್ಲ ಅಂದರೆ ಕೊಂಡ ಹಾಗಲ್ಲ! ಊಟಕ್ಕೆ ಕೂತವನು ಎಲೆಯ ಮೂಲೆಯ ಉಪ್ಪಿನಕಾಯಿಯನ್ನು ಕೊಂಡೆ ಅನ್ನುತ್ತಾನೆಯೇ? ಅದರಲ್ಲೂ ಈ ಊಟ ಕಂಪನಿಯದು. ನನ್ನ ಆಣೆ ಇದ್ದದ್ದು ಕೊಂಡು ಕೊಡುವುದಿಲ್ಲ ಅಂತ ಮಾತ್ರ. ಇವತ್ತು ಅಮಾವಾಸ್ಯೆ. ಆಣೆಯೂ ಮುರಿಯುವುದಿಲ್ಲ, ಅವನ ಗಂಟಲೂ ಒದ್ದೆಯಾಗುತ್ತದೆ. ಇಷ್ಟು ವರ್ಷ ಯಾರಿಗೂ ಹೊಳೆಯದ ದಾರಿ ನನಗೆ ಹೊಳೆಯಿತು ಅಂತ ಬೀಗಿದೆ. ಮನೆದೇವರನ್ನೇ ವಾದದಲ್ಲಿ ಗೆದ್ದವಳ ಹಾಗೆ ಊಟದ ಹಾಲಿಗೆ ನಡೆದೆ.

ಗ್ಲಾಸು ಕೊಡುವ ಕಟ್ಟೆಯಲ್ಲಿ ಕಪ್ಪು ಕೋಟಿನವನೊಬ್ಬ ನಿಂತಿದ್ದ. ಇದು ಊಟದಲ್ಲಿ ಸೇರಿದ್ದು ತಾನೇ, ನಾನು ಕೊಂಡ ಹಾಗೆ ಆಗುವುದಿಲ್ಲ ತಾನೇ ಅಂತ ಮೂರು ಸಲ ಕೇಳಿದೆ. ಸೇರಿದೆ ಅಜ್ಜಿ, ಧೈರ್ಯವಾಗಿ ತಗೊಳ್ಳಿ ಅಂದ. ಏನು ಕೊಡಲಿ ಅಂದಾಗ ಬ್ರಾಂದಿ ಅನ್ನುವ ಮಾತು ಬಾಯಿಂದ ಹೊರಡಲಿಲ್ಲ. ಒಳ್ಳೆಯದು ಯಾವುದಿದೆಯೋ ಅದು ಕೊಡಪ್ಪ ಅಂದೆ. ಕೆಂಪಗಿರುವ ಒಂದು ಗ್ಲಾಸು ಕೊಟ್ಟ. ಮೇಲೆ ಕಾಗದದ ಪುಟ್ಟ ಛತ್ರಿ. ಜೋಪಾನವಾಗಿ ಮೂಲೆಗೆ ಒಯ್ದು ಮೂಸಿ ನೋಡಿದೆ.

ಕಲ್ಲಂಗಡಿ.

ಇದನ್ನು ನನ್ನ ಗಂಡನ ಮುಂದೆ ಇಟ್ಟಿದ್ದರೆ ಇನ್ನೊಂದು ಸಲ ಸಾಯುತ್ತಿದ್ದ. ವಾಪಸು ಕೊಡಲು ಹೋದರೆ, ರೂಮಿನ ಲೆಕ್ಕದಲ್ಲಿ ನನ್ನ ಹೆಸರಿಗೆ ಆಗಲೇ ಟಿಕ್ ಬಿದ್ದಿದೆ ಅಂದ ಕೋಟಿನವನು.

ಬೇರೆ ದಾರಿ ಇರಲಿಲ್ಲ. ಮಂಜನನ್ನು ಕಂಬದ ಮರೆಗೆ ಕರೆದೆ. ನನ್ನ ಅಳಿಯ ಕುಡಿಯುವುದಿಲ್ಲ. ಕುಡಿಯುವುದಿಲ್ಲ ಅಂತ ಮದುವೆಗೆ ಮುಂಚೆ ನನ್ನ ಅಣ್ಣ ನನಗೆ ಮಾತು ಕೊಟ್ಟಿದ್ದ. ಕುಡುಕನ ಮಗಳನ್ನು ಇನ್ನೊಬ್ಬ ಕುಡುಕನಿಗೆ ಕೊಡುವುದಿಲ್ಲ ಅಂತ ನಾನು ಕೂತಿದ್ದೆನಲ್ಲ, ಅದಕ್ಕೆ.

“ಲೋ ಮಂಜ, ನಿನ್ನ ಪಾಲಿಂದು ತಂದ್ಕೊಡು. ಗಂಡಸ್ರು ಕುಡಿಯೋದು.”

“ಯಾರಿಗತ್ತೆ?”

“ನಂಗೇ ಅಂದ್ಕೋ.”

ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ತನಗೆ ಅದನ್ನೆಲ್ಲ ಕೇಳುವುದಕ್ಕೂ ಬರುವುದಿಲ್ಲ ಅಂದ. ನಾನು ಬಿಡಲಿಲ್ಲ, ಬೆನ್ನ ಹಿಂದೆಯೇ ಹೋದೆ. ಕೇಳುವುದಕ್ಕೆ ಬಾರದವನು ಒಂದೇ ಉಸಿರಿಗೆ, “ಬ್ರೋ, ಲಾರ್ಜ್ ವಿಸ್ಕಿ, ಐಸು, ಸೋಡ ಕಮ್ಮಿ” ಅಂದ.

ಕಪ್ಪು ಕೋಟಿನವನು ಪಟ್ಟಿ ನೋಡಿದ. “ಸಾರ್, ನಿಮ್ದು ಆಗ್ಲೇ ಆಯ್ತಲ್ಲ? ಅಜ್ಜೀದೂ ಆಯ್ತು. ನಿಮ್ ರೂಮಿಗೆ ಮೇಡಂದೊಂದೇ ಬಾಕಿ.”

ಮಂಜ ನನ್ನ ಕಡೆ ತಿರುಗದೆ, “ಅದನ್ನೇ ಕೊಡಿ” ಅಂದ.

ಸುಮಳ ಪಾಲಿನದು ಬಂತು. ಅವಳಿಗೆ ಗೊತ್ತಿಲ್ಲ. ಅವಳು ಮಕ್ಕಳ ಜೊತೆ ನೀರಿನಲ್ಲಿದ್ದಳು. ಗ್ಲಾಸು ನನ್ನ ಕೈಗಿಡುತ್ತಾ ಮಂಜ, ಅತ್ತೆ, ಸುಮಂಗೆ ಹೇಳ್ಬೇಡಿ ಅಂದ. ನೀನೂ ಹೇಳ್ಬೇಡ ಅಂದೆ. ಒಪ್ಪಂದವಾಯಿತು.

ಗ್ಲಾಸನ್ನು ಹಾಲಿನಿಂದ ಹೊರಗೆ ಒಯ್ಯಬಾರದು ಅಂತ ಬೋರ್ಡು ಇತ್ತು. ಅಕ್ಷರ ಕೂಡಿಸಿ ಓದಿದೆ. ಓದಿ ಸೆರಗಿನೊಳಗೆ ಇಟ್ಟುಕೊಂಡೆ. ಇನ್ನೊಂದು ಕೈಯಲ್ಲಿ ಕಾಗದದ ತಟ್ಟೆ. ತಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ಒಂದು ಮುದ್ದೆ, ಎರಡು ಚೂರು ಕೋಳಿ. ಅವರು ಅದನ್ನೇ ಮುದ್ದೆ ಅನ್ನುತ್ತಾರೆ! ನಡೆದರೆ ಐಸು ಗಲಗಲ ಅಂತಿತ್ತು. ಬಾಗಿಲಿನವನು ಏನಜ್ಜಿ ಸದ್ದು ಅಂದ. ಬಳೆ ಕಣಪ್ಪ ಅಂದೆ. ಕೈಯಲ್ಲಿ ಬಳೆ ಎಲ್ಲಿತ್ತು? ಗಂಡ ಸತ್ತ ಹನ್ನೊಂದನೆಯ ದಿನ ಒಡೆದಾಗಿತ್ತು. ಬಾಗಿಲಿನವನು ಕೈ ನೋಡುವ ಮೊದಲೇ ಬಿರಬಿರನೆ ನಡೆದೆ. ಅರ್ಧ ಗ್ಲಾಸು ಸೀರೆಯ ಮೇಲೆ ಚೆಲ್ಲಿತು.

ಜನರಿಲ್ಲದ ಜಾಗ ಹುಡುಕಿದೆ. ಮನೆಯಷ್ಟು ದೊಡ್ಡ ಸಿಮೆಂಟಿನ ಕಪ್ಪೆಯೊಂದಿತ್ತು, ಅದರ ಬೆನ್ನ ಹಿಂದೆ ಸ್ವಲ್ಪ ಬರಿ ಮಣ್ಣು ಸಿಕ್ಕಿತು. ತಟ್ಟೆಯಲ್ಲೇ ಎಡೆ ಇಡುವುದು ಬೇಡ ಅಂತ ಪಕ್ಕದ ಬಾಳೆಗಿಡದ ಎಲೆ ಕೀಳಲು ಹೋದೆ. ಪ್ಲಾಸ್ಟಿಕ್. ಹಕ್ಕಿಯ ಕೂಗು ಕೇಳಿ, ಸದ್ಯ ಹಕ್ಕಿಯಾದರೂ ಇದೆ ಅಂತ ತಿರುಗಿದರೆ, ಕೂಗುತ್ತಿದ್ದದ್ದು ಒಂದು ಬಂಡೆ. ತಟ್ಟಿ ನೋಡಿದೆ, ಟೊಳ್ಳು. ಒಳಗೆ ಸ್ಪೀಕರ್ ಇಟ್ಟಿದ್ದರು.

ಕಾಗದದ ತಟ್ಟೆಯನ್ನೇ ದಕ್ಷಿಣಕ್ಕೆ ಇಟ್ಟೆ. ಗ್ಲಾಸನ್ನು ಅದರ ಬಲಗಡೆ ಇಟ್ಟೆ, ಅವನು ಎತ್ತಿಕೊಳ್ಳುತ್ತಿದ್ದ ಕಡೆ. ಎದುರಿಗೆ ಕೂತು ಕೈ ಮುಗಿದೆ.

“ಬಾ. ಇದು ನಾನ್ ಕೊಂಡಿದ್ದಲ್ಲ, ಊಟದಾಗೆ ಸೇರಿದ್ದು. ಒಂದ್ ಗುಟುಕು ಅಂದಿದ್ಯಲ್ಲ, ಕುಡಿ” ಅಂದೆ.

ಆಮೇಲೆ ಕಾಗೆ ಕರೆದೆ. ಕಾ, ಕಾ. ಬರಲಿಲ್ಲ. ಅಷ್ಟು ಚೊಕ್ಕಟವಾಗಿ ಗುಡಿಸಿದ ಜಾಗದಲ್ಲಿ ಕಾಗೆಗೆ ಏನು ಕೆಲಸ? ಇನ್ನೂ ಜೋರಾಗಿ ಕರೆದೆ. ಬಂದದ್ದು ಸೆಕ್ಯೂರಿಟಿಯವನು.

ಅವನನ್ನು ಕಂಡು ಗಾಬರಿಯಲ್ಲಿ ಎದ್ದೆ. ಎದ್ದ ರಭಸಕ್ಕೆ ಕಾಲು ತಾಗಿ ಗ್ಲಾಸು ಉರುಳಿತು. ಒಂದು ತೊಟ್ಟು ಉಳಿಯದ ಹಾಗೆ ಮಣ್ಣು ಕುಡಿಯಿತು. ಮಣ್ಣು ಕುಡಿದರೆ ಅವನೇ ಕುಡಿದ ಹಾಗೆ ಅಂತ ಯಾರಾದರೂ ಸಮಾಧಾನ ಹೇಳಬಹುದು. ಅವನನ್ನು ನಾವು ಹೂತಿಲ್ಲ, ಸುಟ್ಟಿದ್ದೇವೆ.

ಸೆಕ್ಯೂರಿಟಿಯವನು ನನ್ನ ಹತ್ತಿರ ಬಂದು ಮೂಗು ಅರಳಿಸಿದ. ಸೀರೆಯೆಲ್ಲ ವಿಸ್ಕಿ. ಕಾಲ ಬುಡದಲ್ಲಿ ಖಾಲಿ ಗ್ಲಾಸು. ಅವನು ಕೈಯಲ್ಲಿದ್ದ ವಾಕಿಟಾಕಿ ಬಾಯಿಗೆ ಹಿಡಿದ. “ಸಾರ್, ಕಪ್ಪೆ ಹಿಂದ್ಗಡೆ ಒಂದ್ ಅಜ್ಜಿ ಫುಲ್ ಟೈಟು. ಕಾಗೆ ಥರ ಕೂಗ್ತವ್ಳೆ.”

ಬ್ಯಾಟರಿ ಗಾಡಿ ಬಂತು. ನಡೆಯಲು ಆಗುವುದಿಲ್ಲ ಅಂತ ಅವರೇ ತೀರ್ಮಾನಿಸಿ, ಇಬ್ಬರು ಎರಡು ರಟ್ಟೆ ಹಿಡಿದು ಕೂರಿಸಿದರು. ಗಾಡಿಗೆ ಇದ್ದದ್ದು ಒಂದೇ ದಾರಿ, ಅಲೆ ಏಳುವ ಕೊಳದ ಪಕ್ಕದ್ದು. ಕಂಪನಿಯ ಅಷ್ಟೂ ಜನ ಅಲ್ಲೇ ಎದೆಮಟ್ಟ ನೀರಿನಲ್ಲಿ ಕುಣಿಯುತ್ತಿದ್ದರು. ಯಾರೋ ಚಪ್ಪಾಳೆ ಶುರು ಮಾಡಿದರು. ಆಮೇಲೆ ಎಲ್ಲರೂ ಹೊಡೆದರು. ಮಂಜನ ಸೂಪರ್‌ವೈಸರ್ ನೀರಿನಿಂದ ಎದ್ದು ಬಂದು ನನ್ನ ಕೈ ಕುಲುಕಿ, ಅಜ್ಜಿ ಅಂದ್ರೆ ಹಿಂಗಿರ್ಬೇಕು ಅಂದ. ಜೀವಮಾನದಲ್ಲಿ ನನಗೆ ಸಿಕ್ಕ ಸನ್ಮಾನ ಅದೊಂದೇ.

ಸುಮ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ರೂಮಿಗೆ ಬಂದು ಬಾಗಿಲು ಹಾಕಿ, ಒದ್ದೆ ಬಟ್ಟೆಯಲ್ಲೇ ನನ್ನ ಎದುರು ನಿಂತಳು. ಮಂಜ ಚಾವಣಿ ನೋಡುತ್ತಾ ನಿಂತ.

“ಅಮ್ಮ, ಕುಡ್ದಿದೀಯಾ?”

ಒಂದೇ ಒಂದು ಮಾತು ಹೇಳಿದ್ದರೆ ನಾನು ಬಚಾವು. ನಿಮ್ಮಪ್ಪನಿಗೆ ಎಡೆ ಇಟ್ಟೆ ಕಣೇ, ಅನ್ನಬಹುದಿತ್ತು. ಅಂದರೆ ಅವಳು ಏನು ಕೇಳುತ್ತಾಳೆ ಅಂತ ನನಗೆ ಗೊತ್ತಿತ್ತು. ಸತ್ತ ಮೇಲೆ ಕೊಡುವವಳು ಅವತ್ತೇ ಯಾಕೆ ಕೊಡಲಿಲ್ಲ, ನನಗೂ ಯಾಕೆ ಕೊಡಲು ಬಿಡಲಿಲ್ಲ ಅಂತ ಕೇಳುತ್ತಾಳೆ. ಕುಡುಕಿ ಅನ್ನಿಸಿಕೊಳ್ಳುವುದು ಅದಕ್ಕಿಂತ ಸಲೀಸು ಅನ್ನಿಸಿತು.

“ಹೂಂ ಕಣೇ, ಕುಡ್ದೆ. ಹೆಂಗಿರ್ತದೆ ಅಂತ ನೋಡ್ದೆ” ಅಂದೆ.

ಅವಳು ಮಂಚದ ತುದಿಯಲ್ಲಿ ಕೂತಳು. ಆಮೇಲೆ ಅಂದಳು.

“ಅಪ್ಪಂಗೆ ಒಂದ್ ಗುಟುಕು ಕೊಡ್ಲಿಲ್ಲ ನೀನು.”

ಯಾವ ಮಾತನ್ನು ತಪ್ಪಿಸಲು ಸುಳ್ಳು ಹೇಳಿದೆನೋ, ಅದೇ ಮಾತು ಬಂತು! ಸುಳ್ಳು ಹೇಳುವುದೂ ನನಗೆ ನೆಟ್ಟಗೆ ಬರುವುದಿಲ್ಲ. ನಿಜ ಹೇಳೋಣ ಅಂದುಕೊಂಡೆ, ಅಷ್ಟರಲ್ಲಿ ಅವಳು ಎದ್ದು ನಿಂಬೆಹಣ್ಣಿನ ನೀರು ತರಿಸಿದಳು. ಒಂದಲ್ಲ, ಮೂರು ಗ್ಲಾಸು. ಮೂರನ್ನೂ ಕುಡಿದೆ. ಅವತ್ತು ನಾನು ಕುಡಿದದ್ದು ಅಷ್ಟೇ.

ಪರದೆ ಎಳೆದು, ನಶೆ ಇಳಿಯುವವರೆಗೆ ಮಲಗಿರು ಅಂತ ಹೇಳಿ ಅವರಿಬ್ಬರೂ ಹೋದರು. ಹಾಡುಹಗಲು. ಇಲ್ಲದ ನಶೆಯನ್ನು ಇಳಿಸಿಕೊಳ್ಳುತ್ತಾ ನಾನೊಬ್ಬಳೇ ಮಲಗಿದ್ದೆ. ಹೊರಳಿದಾಗ ಸೆರಗು ಮೂಗಿನ ಹತ್ತಿರ ಬಂತು. ಮೂವತ್ತೆಂಟು ವರ್ಷ ಆ ವಾಸನೆಯ ಪಕ್ಕದಲ್ಲಿ ಮಲಗಿದವಳು ನಾನು. ಬೈದುಕೊಂಡು, ಆ ಕಡೆ ಮುಖ ತಿರುಗಿಸಿಕೊಂಡು. ಅವತ್ತು ತಿರುಗಿಸಲಿಲ್ಲ. ಸಾಯಂಕಾಲ ಸುಮ ಬಂದು, ಆ ಸೀರೆ ಬಿಚ್ಚಿ ಹಾಕಮ್ಮ, ನಾರುತ್ತಿದೆ ಅಂತ ಎರಡು ಸಲ ಹೇಳಿದಳು. ನಾಳೆ ನೋಡೋಣ ಅಂದೆ.

ಮಾರನೆಯ ಬೆಳಿಗ್ಗೆ ಎಲ್ಲರೂ ತಿಂಡಿಗೆ ಹೋದರು. ಸುಮ ನನ್ನನ್ನು ಕರೆಯಲಿಲ್ಲ. ಮಗಳು ಇನ್ನು ಮಾತಾಡಿಸಬೇಕಾದರೆ ಮೊದಲು ಆ ವಾಸನೆ ಹೋಗಬೇಕಲ್ಲ, ಬಚ್ಚಲಿಗೆ ಹೋಗಿ ಸೀರೆ ನೆನೆಸಿದೆ. ಅವರು ಇಟ್ಟಿದ್ದ ಬಿಸ್ಕತ್ತಿನಷ್ಟು ಸೋಪು ಎರಡನ್ನೂ ಸವೆಸಿ, ಕುಸುಬಿ ಕುಸುಬಿ ಒಗೆದೆ. ಹಿಂಡಿ, ಮೂಸಿ ನೋಡಿದೆ. ಒಂದು ಚೂರೂ ಉಳಿದಿರಲಿಲ್ಲ. ಆ ಎರಡು ದಿನದಲ್ಲಿ ನಾನು ನೆಟ್ಟಗೆ ಮಾಡಿದ ಕೆಲಸ ಅದೊಂದೇ.