ಓಡುತ್ತಿದ್ದ ಕಾರು

ಹಲ್ಲಿನ ಡಾಕ್ಟರಾದವನಿಗೆ ದಿಗಂತ ಕಾಣಿಸುವುದಿಲ್ಲ. ಇದು ನಮ್ಮ ಡಾಕ್ಟರ ಬಹುಕಾಲದ ಕೊರಗು. ಬೆಳಗಿನಿಂದ ಸಂಜೆಯವರೆಗೆ ಅವರ ಲೋಕವೆಂದರೆ ಯಾರೋ ಒಬ್ಬರ ಬಾಯಿ, ಬಾಯಿಯಾಚೆ ಗಂಟಲು, ಗಂಟಲಾಚೆ ಕತ್ತಲು. ಕಣ್ಣು, ಕಿವಿ, ಹೃದಯ ನೋಡುವ ಡಾಕ್ಟರುಗಳಿಗೆ ರೋಗಿಯ ಜೊತೆ ನಾಲ್ಕು ಮಾತಾಡುವ ಭಾಗ್ಯವಾದರೂ ಉಂಟು. ಇವರು ಏನು ಕೇಳಿದರೂ ಬರುವ ಉತ್ತರ ‘ಆಂ’ ಒಂದೇ. (ನೋವಾಗುತ್ತಿದೆಯೇ ಎಂದರೂ ಆಂ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದರೂ ಆಂ.) ಹೀಗಾಗಿ ಯಾರದೋ ದವಡೆಹಲ್ಲನ್ನು ಕೊರೆಯುತ್ತಿರುವಾಗ, ಆ ಯಂತ್ರದ ಸಣ್ಣ ಗುಂಯ್‌ಗುಡುವಿಕೆಯೊಳಗೇ ಅವರಿಗೊಂದು ದಾರಿ ತೆರೆದುಕೊಳ್ಳುತ್ತಿತ್ತು. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಬೆಟ್ಟ, ನಡುವೆ ನೆಲಕ್ಕೆ ಅಂಟಿಕೊಂಡಂತೆ ಜಾರಿ ಹೋಗುವ ತಗ್ಗು ಕಾರು. ಓಡಿಸುತ್ತಿರುವವರು ಡಾಕ್ಟರು. ಪಕ್ಕದ ಸೀಟಿನಲ್ಲಿ ಹೆಂಡತಿ. ಹೆಂಡತಿ ನಿದ್ದೆ ಹೋಗಿದ್ದಾಳೆ.

ಈ ನಿದ್ದೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಾಕ್ಟರ ಹೆಂಡತಿ ಕಾರು ಕಲಿಸುವ ಶಾಲೆಯಲ್ಲಿ ಮೇಡಂ. ಅವಳ ಕಾರಿನಲ್ಲಿ ಎರಡು ಬ್ರೇಕು: ಒಂದು ಕಲಿಯುವವರಿಗೆ, ಇನ್ನೊಂದು ಪ್ರಾಣ ಉಳಿಸಿಕೊಳ್ಳಲು ಅವಳಿಗೆ. ಆ ಎರಡನೆಯದನ್ನು ಒತ್ತಿ ಒತ್ತಿ ಅವಳ ಬಲಗಾಲಿಗೆ ಅದೇ ಹುಟ್ಟುಗುಣದಂತಾಗಿತ್ತು. ಬಸ್ಸಿನಲ್ಲಿ ಕೂತರೂ ಒತ್ತುತ್ತಿದ್ದಳು, ಸಿನಿಮಾದಲ್ಲಿ ಯಾರಾದರೂ ಕಾರು ಓಡಿಸಿದರೂ ಒತ್ತುತ್ತಿದ್ದಳು. ಡಾಕ್ಟರೂ ಒಂದು ಕಾಲದಲ್ಲಿ ಅವಳ ಶಿಷ್ಯರೇ. ಪರೀಕ್ಷೆಯಲ್ಲಿ ಪದೇ ಪದೇ ನಪಾಸಾಗಿ, ಅವಳ ಪಕ್ಕ ಕೂರುವ ಅವಧಿಯನ್ನು ಹಿಗ್ಗಿಸಿಕೊಂಡು, ಲೈಸೆನ್ಸಿಗಿಂತ ಮೊದಲೇ ಮದುವೆಯ ಸರ್ಟಿಫಿಕೇಟು ಗಿಟ್ಟಿಸಿದ ಮಹಾಶಯರು. ಆದರೇನು, ಇಷ್ಟು ವರ್ಷಗಳಲ್ಲಿ ಅವರು ಓಡಿಸುವಾಗ ಅವಳು ಕಣ್ಣು ಮಿಟುಕಿಸಿದ್ದನ್ನು ಕಂಡವರಿಲ್ಲ. ತಾವು ಓಡಿಸುತ್ತಿರುವಾಗ ಅವಳು ಒಂದೇ ಒಂದು ಸಲ ತಲೆ ವಾಲಿಸಿ ನಿದ್ದೆ ಮಾಡಬೇಕು. ಡಾಕ್ಟರ ಬಾಳಿನ ಪರಮ ಪುರುಷಾರ್ಥ ಅಷ್ಟೇ.

ಒಂದು ಬೆಳಿಗ್ಗೆ ಲಿಫ್ಟು ರಿಪೇರಿ ಮಾಡುವವನೊಬ್ಬ ಕೆನ್ನೆ ಊದಿಸಿಕೊಂಡು ಬಂದ. ದಿನವಿಡೀ ಮೇಲಕ್ಕೂ ಕೆಳಕ್ಕೂ ಓಡಾಡಿ ಬೇಸತ್ತು, ನೆಟ್ಟಗೆ ಮುಂದಕ್ಕೆ ಹೋಗುವ ಆಸೆಯಿಂದ ಅವನು ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು, ಬಿಚ್ಚಿ, ತಿದ್ದಿ, ಅದಕ್ಕೆ ಟರ್ಬೊ ಕೂರಿಸುತ್ತಿದ್ದನಂತೆ. ಅಷ್ಟರಲ್ಲಿ ಮನೆಯಲ್ಲಿ ಅವಳಿ ಮಕ್ಕಳು. ಕಾರಿಗೆ ಎರಡೇ ಸೀಟು, ಸಂಸಾರಕ್ಕೆ ನಾಲ್ಕು ಜನ. ಮಾರಿಬಿಡೋಣ ಎಂದುಕೊಂಡಿದ್ದೇನೆ ಎಂದ. ಡಾಕ್ಟರ ಕೈಯಲ್ಲಿದ್ದ ಸಿರಿಂಜು ಗಾಳಿಯಲ್ಲೇ ನಿಂತಿತು. ಆಮೇಲೆ ಚುಚ್ಚುಮದ್ದು ಕೊಟ್ಟು, ನಾಲಿಗೆ ಮರಗಟ್ಟುವವರೆಗೆ ಕಾದು, ಮುಖ್ಯವಾದ ಪ್ರಶ್ನೆಯನ್ನು ಆಗ ಕೇಳಿದರು: ಕಾರು ಓಡುತ್ತದೆಯೇ?

"ಗಾಳಿ ಥರ ಓಡ್ತಿ..." ಎಂದ ಅವನು. ಉಳಿದದ್ದು ಹತ್ತಿಯ ಉಂಡೆಯೊಳಗೆ ಹುದುಗಿಹೋಯಿತು.

ಅಂದು ಮಧ್ಯಾಹ್ನವೇ ಡಾಕ್ಟರು ಅವನ ಮನೆಗೆ ಹೋದರು. ಶೆಡ್ಡಿನ ಮೂಲೆಯಲ್ಲಿ ಬಿಳಿ ಬಟ್ಟೆ ಹೊದ್ದು ಏನೋ ಮಲಗಿತ್ತು. ಕಿಟಕಿಯಿಂದ ಇಳಿದ ಬಿಸಿಲಿನಲ್ಲಿ ಧೂಳಿನ ಕಣಗಳು ನಿಧಾನವಾಗಿ ತೇಲುತ್ತಿದ್ದವು. ಬಟ್ಟೆ ಎತ್ತಿದಾಗ ಮೊದಲು ಕಂಡದ್ದು ಬೆಕ್ಕಿನ ಬೆನ್ನಿನಂಥ ಬಾಗು. ಅರ್ಧ ಕಾರಿಗೆ ಸಮುದ್ರದ ಬಣ್ಣ, ಇನ್ನರ್ಧಕ್ಕೆ ಬರೀ ಬೂದಿಯ ಬಣ್ಣ, ಒಂದು ಬಾಗಿಲು ಮಾತ್ರ ಕೆಂಪು. ಡಾಕ್ಟರು ಒಳಗೆ ಇಳಿದು ಕೂತರು. (ಹತ್ತುವ ಕಾರಲ್ಲ ಅದು, ಬಾವಿಗಿಳಿದ ಹಾಗೆ ಇಳಿಯುವ ಕಾರು.) ಕೂತೊಡನೆ ಶೆಡ್ಡಿನ ಗೋಡೆ ಮೆಲ್ಲಗೆ ಹಿಂದೆ ಸರಿಯಿತು, ಅಲೆಗಳ ಸದ್ದು ಕೇಳಿಸಿತು. ಲಿಫ್ಟಿನವನು ಬಾನೆಟ್ಟಿನ ಕಡೆ ಕೈಮಾಡಿ ಏನೋ ಹೇಳತೊಡಗಿದ; ಡಾಕ್ಟರು ತಡೆದರು. ಇಂಜಿನ್ ಈಗ ಚಾಲೂ ಮಾಡುವುದು ಬೇಡ, ಆ ಮೊದಲ ಸದ್ದು ತಮ್ಮ ಮನೆಯಂಗಳದಲ್ಲೇ ಆಗಬೇಕು ಎಂದರು. ಅವನು ಅವರನ್ನೇ ಸ್ವಲ್ಪ ಹೊತ್ತು ನೋಡಿದ. ಒಳಗಿನಿಂದ ಅವನ ಹೆಂಡತಿ, ಎರಡು ತೋಳಲ್ಲೂ ಒಂದೊಂದು ಮಗು ಹೊತ್ತು ಬಂದು, ಡಾಕ್ಟರನ್ನು ಕಂಡು ಬಾಯ್ತುಂಬ ನಕ್ಕಳು. ಆ ನಗುವಿನಲ್ಲಿ ಡಾಕ್ಟರು ಗಮನಿಸಿದ್ದು ಹಲ್ಲುಗಳನ್ನು ಮಾತ್ರ.

ಕಾರು ಮನೆಗೆ ಬಂತು. ಸಾಗಿಸುವ ಲಾರಿಯ ಮೇಲೆ, ಕೆಂಪು ಬಾಗಿಲು ತೋರಿಸಿಕೊಂಡು. ಹಿಂದೆಯೇ ಇನ್ನೊಂದು ಗಾಡಿಯಲ್ಲಿ ರಟ್ಟಿನ ಪೆಟ್ಟಿಗೆಗಳು ಬಂದವು. ಡಾಕ್ಟರ ಅತ್ತೆ, ಎಂದರೆ ಹೆಂಡತಿಯ ತಾಯಿ, ಜಗಲಿಯಲ್ಲಿ ಕೂತು ಎಲ್ಲವನ್ನೂ ನೋಡಿದರು. ಬಾನೆಟ್ ತೆರೆದು ಅಳಿಯ ಹೆಮ್ಮೆಯಿಂದ ತೋರಿಸಿದಾಗ ಒಳಗೆ ಬಗ್ಗಿ ನೋಡಿ, ಬಹಳ ಮೃದುವಾಗಿ ಕೇಳಿದರು:

"ಉಳಿದಿದ್ದು ಯಾವಾಗ ಬರತ್ತಪ್ಪ?"

ಉಳಿದದ್ದೆಲ್ಲ ಪೆಟ್ಟಿಗೆಗಳಲ್ಲಿತ್ತು. ಡಾಕ್ಟರು ಕಂಗಾಲಾಗಿ ಲಿಫ್ಟಿನವನಿಗೆ ಫೋನು ಮಾಡಿದರು. ಅಷ್ಟು ಹೊತ್ತಿಗೆ ಅವನ ನಾಲಿಗೆ ಸಂಪೂರ್ಣ ಸ್ವಸ್ಥವಾಗಿತ್ತು. "ಸರ್, ನಾನು ಓಡ್ತಿತ್ತು ಅಂದೆ. ನಾನು ಬಿಚ್ಚೋಕೆ ಮುಂಚೆ," ಎಂದ.

ಹೆಂಡತಿ ಕೂಗಾಡಲಿಲ್ಲ. ತನ್ನ ಕಲಿಕೆಯ ಕಾರನ್ನು ಶೆಡ್ಡಿನಿಂದ ತೆಗೆದು ಬಿಸಿಲಿಗೆ ನಿಲ್ಲಿಸಿ ಬಂದು, ಒಂದೇ ಪ್ರಶ್ನೆ ಕೇಳಿದಳು.

"ಅವನನ್ನ ಕೇಳಿದ್ದು ಇಂಜೆಕ್ಷನ್‌ಗೆ ಮೊದಲೋ, ಆಮೇಲೋ?"

ಆಮೇಲೆ ಎಂದು ಡಾಕ್ಟರು ಒಪ್ಪಿಕೊಂಡರು. ಅವಳು ಉಸ್ಸೆಂದು ಒಳಗೆ ಹೋದಳು.

ಲಿಫ್ಟಿನವನು ಸಾಧು ಮನುಷ್ಯ. ಬಿಚ್ಚಿದ ಪಾಪ ತನ್ನದೇ ಎಂದು ಭಾನುವಾರಗಳಂದು ಬರತೊಡಗಿದ. ಬಿಚ್ಚುವಾಗ ಎಲ್ಲಿಂದ ಏನು ತೆಗೆದೆ ಎಂಬುದು ಅವನಿಗೂ ಪೂರ್ತಿ ನೆನಪಿರಲಿಲ್ಲ. ಡಾಕ್ಟರು ಬಿಡಿಭಾಗಗಳನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ತಟ್ಟೆಯಲ್ಲಿ ಸಾಲಾಗಿ ಇಟ್ಟುಕೊಂಡು, ಒಂದೊಂದನ್ನೂ ದವಡೆಗೆ ಹಲ್ಲು ಕೂರಿಸುವ ಜಾಗರೂಕತೆಯಿಂದ ಕೂರಿಸುತ್ತಿದ್ದರು. ಕೂತರೆ ಕೂತಿತು, ಇಲ್ಲದಿದ್ದರೆ ಇನ್ನೊಂದು ತೂತು. ಹೆಂಡತಿ ಒಂದು ದಿನ ಬಾಗಿಲಿಗೆ ಒರಗಿ ನಿಂತು, ಅಷ್ಟಕ್ಕೂ ಈ ಟರ್ಬೊ ಎಂದರೇನು ಎಂದು ಕೇಳಿದಳು. ಇಂಜಿನ್ನು ಹೊರಗೆ ಬಿಡುವ ಹೊಗೆ ಒಂದು ಪುಟ್ಟ ಫ್ಯಾನು ತಿರುಗಿಸುತ್ತದೆ, ಆ ಫ್ಯಾನು ಇಂಜಿನ್ನಿಗೇ ಇನ್ನಷ್ಟು ಗಾಳಿ ತುಂಬುತ್ತದೆ, ಹೀಗೆ ಬಿಟ್ಟ ಉಸಿರೂ ದಂಡವಾಗುವುದಿಲ್ಲ ಎಂದು ಲಿಫ್ಟಿನವನು ವಿವರಿಸಿದ.

"ಹಾಗಾದ್ರೆ ಒಂದು ಪೈಪು ನನ್ನ ಕಡೆಗೂ ಎಳೀರಿ," ಎಂದಳು ಹೆಂಡತಿ. "ಈ ಕಾರು ಬಂದಾಗಿಂದ ನಾನು ಬಿಟ್ಟಿರೋ ನಿಟ್ಟುಸಿರಲ್ಲಿ ವಿಮಾನಾನೇ ಹಾರಬಹುದು."

ಡಾಕ್ಟರಿಗೆ ಇದು ಚುಚ್ಚಲೇ ಇಲ್ಲ. ಸಂಜೆ ಕ್ಲಿನಿಕ್ಕಿನಿಂದ ಬಂದು, ಮುಖ ತೊಳೆಯುವುದಕ್ಕೂ ಮೊದಲು ಕಾರಿನೊಳಗೆ ಇಳಿದು ಕೂರುತ್ತಿದ್ದರು. ಬೀಳುವ ಬೆಳಕು ಗಾಜಿನ ಮೇಲೆ ಜೇನಿನಂತೆ ಹರಡುತ್ತಿತ್ತು. ಎಣ್ಣೆಯ ವಾಸನೆ, ಹಳೆಯ ಚರ್ಮದ ವಾಸನೆ. ಸ್ಟೀರಿಂಗನ್ನು ಒಂದಿಷ್ಟು ಆಚೆ ತಿರುಗಿಸಿದರೆ ಸಮುದ್ರದ ತಿರುವು, ಈಚೆ ತಿರುಗಿಸಿದರೆ ಬೆಟ್ಟದ ನೆರಳು. ಗೇರು ಬದಲಿಸುವಾಗ ತುಟಿಯ ಸಂದಿಯಿಂದ ‘ಸ್ಸ್ಸ್’ ಎಂದು ತಾವೇ ಟರ್ಬೊ ಆಗುತ್ತಿದ್ದರು. ಜಗಲಿಯಿಂದ ಅತ್ತೆ, ಅಳಿಯ ಸಮುದ್ರದಿಂದ ವಾಪಸು ಬಂದನೋ ಎಂದು ಮಗಳನ್ನು ವಿಚಾರಿಸುವರು. ಇನ್ನೂ ದಾರಿಯಲ್ಲಿದ್ದಾರೆ ಎಂದು ಅವಳು ಹೇಳುವಳು. ಒಮ್ಮೊಮ್ಮೆ ಅವಳೂ ಬಂದು ಪಕ್ಕದಲ್ಲಿ ಕೂರುವುದಿತ್ತು. ನಿಂತ ಕಾರು, ಇಂಜಿನ್ ಬಂದ್. ಆದರೂ ಡಾಕ್ಟರು ‘ಸ್ಸ್ಸ್’ ಎಂದ ಕೂಡಲೇ ಅವಳ ಬಲಗಾಲು ನೆಲ ಒತ್ತುತ್ತಿತ್ತು.

ಅಂತೂ ಒಂದು ಭಾನುವಾರ ಬೆಳಿಗ್ಗೆ ಇಂಜಿನ್ ಕೆಮ್ಮಿತು, ಸೀನಿತು, ಆಮೇಲೆ ಗುಡುಗಿತು. ಜಗಲಿಯ ಮೇಲಿದ್ದ ಲೋಟಗಳು ತಮ್ಮಷ್ಟಕ್ಕೆ ನಡೆದಾಡಿದವು. ಲಿಫ್ಟಿನವನು ಕಣ್ಣೊರೆಸಿಕೊಂಡು, ನಿಧಾನವಾಗಿ ಹೋಗಿ ಎಂದು ನೂರು ಸಲ ಹೇಳಿ, ಮಕ್ಕಳು ಕಾಯುತ್ತಿವೆ ಎಂದು ಮನೆಗೆ ಹೊರಟ. ಡಾಕ್ಟರು ಹೆಂಡತಿಯ ಕಡೆ ನೋಡಿದರು. ಅವರ ಕಣ್ಣಿನಲ್ಲಿ ಏನಿತ್ತೋ, ಅವಳು ಇಲ್ಲ ಎನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಕೆಂಪು ಬಾಗಿಲು ತೆರೆದು, ಇಳಿದು ಕೂತಳು.

ಊರಿನ ಬೀದಿಗಳಲ್ಲಿ ಅವಳು ಇಲ್ಲದ ಬ್ರೇಕನ್ನು ಒತ್ತಿದ್ದೇ ಒತ್ತಿದ್ದು. ಕನ್ನಡಿ ನೋಡಿ ಎಂದಳು, ಗೇರು ಇಳಿಸಿ ಎಂದಳು, ಅದು ಮಗು ಅಲ್ಲ, ಟಪಾಲುಪೆಟ್ಟಿಗೆ, ಅದಕ್ಕೆ ಹಾರ್ನ್ ಮಾಡಬೇಡಿ ಎಂದಳು. ಮನೆಗಳು ಮುಗಿದವು. ದಾರಿ ಬಿಚ್ಚಿಕೊಂಡಿತು. ಡಾಕ್ಟರು ಉಸಿರು ಬಿಗಿಹಿಡಿದು ಆಕ್ಸಿಲರೇಟರ್ ಒತ್ತಿದರು. ಒಂದು ಕ್ಷಣ ಏನೂ ಆಗಲಿಲ್ಲ. ಕಾರು ಯೋಚನೆಗೆ ಬಿದ್ದಂತಿತ್ತು. ಮರುಕ್ಷಣ ಯಾರೋ ಬೆನ್ನಿಗೆ ಅಂಗೈ ಇಟ್ಟು ಮೆಲ್ಲಗೆ, ಬಲವಾಗಿ ನೂಕಿದ ಹಾಗಾಯಿತು. ಮರಗಳೆಲ್ಲ ಕರಗಿ ಒಂದೇ ಹಸಿರು ಗೆರೆಯಾದವು. ತಿರುವು ದಾಟಿದ್ದೇ ತಡ, ಎದುರಿಗೆ ಸಮುದ್ರ, ಅಷ್ಟಗಲ, ಬೆಳ್ಳಿಯ ತಗಡು ಹಾಸಿದಂತೆ. ಡಾಕ್ಟರಿಗೆ ದಿಗಂತ ಕಂಡಿತು.

ಆಗ ಬಾನೆಟ್ಟಿನೊಳಗೆ ಫಟ್ ಎಂದಿತು. ಯಾವುದೋ ಪೈಪು ಕಳಚಿರಬೇಕು. ಕಾರು ಒಂದು ದೀರ್ಘವಾದ, ಅತ್ಯಂತ ನೊಂದ ನಿಟ್ಟುಸಿರು ಬಿಟ್ಟು ರಸ್ತೆಯ ಬದಿಗೆ ಉರುಳಿ ನಿಂತಿತು.

ಆಮೇಲೆ ಹೆಂಡತಿ ಫೋನು ಮಾಡಿ ಕೆಟ್ಟ ಕಾರು ಹೊತ್ತೊಯ್ಯುವ ಲಾರಿ ತರಿಸಿದಳು. ಲಾರಿಯವನು ಕಾರನ್ನು ಮೇಲಕ್ಕೆಳೆದು ಕಟ್ಟಿದ. ಅವನ ಪಕ್ಕದ ಸೀಟಿನಲ್ಲಿ ಕರುವಿನಷ್ಟು ದೊಡ್ಡ ನಾಯಿಯೊಂದು ಕೂತಿತ್ತು. ಜಾಗ ಬಿಡುವ ಯಾವ ಇರಾದೆಯೂ ಅದಕ್ಕಿರಲಿಲ್ಲ. ನಿಯಮಕ್ಕೆ ವಿರುದ್ಧ, ಆದರೂ ನಿಮ್ಮ ಕಾರಿನಲ್ಲೇ ಕೂತುಬಿಡಿ, ನಿಧಾನವಾಗಿ ಹೋಗುತ್ತೇನೆ ಎಂದ ಲಾರಿಯವನು.

ಹಾಗೆ ಡಾಕ್ಟರೂ ಹೆಂಡತಿಯೂ ಲಾರಿಯ ಮೇಲಿನ ಕಾರಿನಲ್ಲಿ ಕೂತು ಮನೆಗೆ ಹೊರಟರು. ಎತ್ತರದಿಂದ ತಡೆಗೋಡೆಯಾಚೆಯ ಸಮುದ್ರ ಪೂರ್ತಿ ಕಾಣುತ್ತಿತ್ತು. ದೋಣಿಯೊಂದು ಅಲ್ಲಾಡದೆ ನಿಂತಿತ್ತು. ಕಾರು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಡಾಕ್ಟರು ಅಭ್ಯಾಸಬಲದಿಂದ ಸ್ಟೀರಿಂಗ್ ಹಿಡಿದೇ ಇದ್ದರು. ಊರಿನ ತಿರುವು ಬಂದಾಗ ಸಭ್ಯವಾಗಿ ಇಂಡಿಕೇಟರನ್ನೂ ಹಾಕಿದರು. ಹಾಕಿ ಪಕ್ಕಕ್ಕೆ ತಿರುಗಿದರೆ ಭುಜದ ಮೇಲೆ ಏನೋ ಭಾರ. ಹೆಂಡತಿಯ ತಲೆ. ಅವಳ ಬಲಗಾಲು ಸಡಿಲವಾಗಿ ಮಲಗಿತ್ತು, ಚಪ್ಪಲಿ ಜಾರಿತ್ತು. ಸಣ್ಣಗೆ ಗೊರಕೆಯೂ ಇತ್ತು. ಡಾಕ್ಟರು ಉಸಿರಾಟವನ್ನೇ ನಿಧಾನ ಮಾಡಿಕೊಂಡರು. ಬಯಸಿದ್ದೆಲ್ಲ ಸಿಕ್ಕಿತ್ತು: ಸಮುದ್ರ, ಕಾರು, ನಿದ್ದೆ ಹೋದ ಹೆಂಡತಿ. ಓಡಿಸುವ ಕೆಲಸ ಒಂದು ಮಾತ್ರ ಬೇರೆಯವರಿಗೆ ಹೋಗಿತ್ತು. ಹಾಗೆಂದು ಆ ಹೊತ್ತಿನಲ್ಲಿ ಅವರಿಗೆ ಅನ್ನಿಸಲಿಲ್ಲ.

ಮನೆಯ ಮುಂದೆ ಲಾರಿ ನಿಂತಿತು. ಲಾರಿಯವನು ಬಂದು ಕೈಕೊಟ್ಟು ಹೆಂಡತಿಯನ್ನು ಇಳಿಸಿಕೊಂಡ. ಡಾಕ್ಟರ ಕಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಅದರ ಹಿಡಿ ಇನ್ನೂ ಯಾವುದೋ ಪೆಟ್ಟಿಗೆಯಲ್ಲಿತ್ತು. ಅವರು ಗಾಜಿನಾಚೆ ನೋಡುತ್ತ ಕೂತರು. ಕೆಳಗೆ ಹೆಂಡತಿ ಮೈಮುರಿದು, ಕೂದಲು ಸರಿಮಾಡಿಕೊಂಡು, ಲಾರಿಯವನ ಜೊತೆ ಗಂಭೀರವಾಗಿ ಮಾತಾಡುತ್ತಿದ್ದಳು. ಜಗಳ ತೆಗೆದಳೋ ಏನೋ ಎಂದು ಡಾಕ್ಟರಿಗೆ ಗಾಬರಿಯಾಯಿತು. ಅವಳು ತಲೆಯೆತ್ತಿ ಇವರನ್ನು ನೋಡಿ ನಕ್ಕಳು. ಮದುವೆಯ ದಿನದ ನಂತರ ಅಂಥ ನಗು ಅವರು ಕಂಡಿರಲಿಲ್ಲ.

"ರೀ, ರಿಪೇರಿಗೆ ಅವಸರ ಮಾಡ್ಬೇಡಿ," ಎಂದಳು. "ಬರೋ ಭಾನುವಾರ ಇವರಿಗೆ ಬಿಡುವಿದೆಯಂತೆ. ಅಮ್ಮನಿಗೂ ಒಂದು ಸುತ್ತು ಆಗ್ಲಿ. ಎರಡೇ ಸೀಟಲ್ವಾ, ನೀವು ಮನೇಲಿರಿ."

ಲಾರಿಯವನು ತಲೆಯಾಡಿಸಿದ. ನಾಯಿಯೂ ಬಾಲ ಆಡಿಸಿತು. ಡಾಕ್ಟರು ಮೇಲೆ ಕೂತಲ್ಲೇ, ಬೇರೇನೂ ತೋಚದೆ, ಇಂಡಿಕೇಟರ್ ಆರಿಸಿದರು.